ಪರದೆಯೊಳಗಿನ ಊಟ

ತುತ್ತು ಗಂಟಲಿನಿಂದ ಕೆಳಗಿಳಿಯಲಿಲ್ಲ. ತೆವಾಬೆಚ್ ನೀರು ಕುಡಿದು ಅದನ್ನು ಒಳಗೆ ತಳ್ಳಿದಳು. ಇಂಜೆರಾ ರೊಟ್ಟಿಯ ಇನ್ನೊಂದು ಚೂರು ಹರಿದು ಕೋಳಿಸಾರಿಗೆ ಅದ್ದಿದಳು. ಮಾರು ದೂರದ ಮಂಚದ ಮೇಲೆ ಕಿನ್ಫು ಮಲಗಿದ್ದ. ಅವಳ ಎದೆಹಾಲು ಕುಡಿದು ಬೆಳೆದವನು, ಇಥಿಯೋಪಿಯದ ದೊರೆ, ಬೆಳಗಿನ ಜಾವ ತೀರಿಕೊಂಡಿದ್ದ. ಹೆಣದ ಪಕ್ಕ ಕೂತು ಉಣ್ಣುವ ಗತಿ ಹಗೆಯವರಿಗೂ ಬೇಡ.

ಹೀಗೆ ಮಾಡೆಂದವನು ಗೊಂದರ್ ಅರಮನೆಯ ಪಾರುಪತ್ಯಗಾರ ದೆಸ್ತಾ. ಸುದ್ದಿ ಹೊರಬಿದ್ದರೆ ಪೇಟೆ ಲೂಟಿಯಾಗುತ್ತದೆ, ಸರದಾರರು ಕತ್ತಿ ಹಿರಿಯುತ್ತಾರೆ; ಬೆಟ್ಟದಿಂದ ಇನ್ನೊಬ್ಬ ರಾಜವಂಶದವನನ್ನು ಇಳಿಸಿ ತರುವವರೆಗೆ ಯಾರೂ ತುಟಿ ಬಿಚ್ಚಬಾರದು ಎಂದಿದ್ದ. ದೊರೆ ಉಣ್ಣುವುದನ್ನು ಯಾರೂ ನೋಡಬಾರದೆಂಬ ಕಟ್ಟಳೆ ಇತ್ತಲ್ಲ, ಪರದೆ ಎಳೆದರೆ ಮುಗಿಯಿತು. ಊಟದ ಬುಟ್ಟಿ ತುಂಬಿ ಒಳಗೆ ಹೋಗಬೇಕು, ಖಾಲಿಯಾಗಿ ಅಡುಗೆಮನೆಗೆ ಬರಬೇಕು.

“ಅಳು ಬಂದ್ರೆ ಬಾಯಿಗೆ ಬಟ್ಟೆ ತುರುಕ್ಕೊಳ್ಳಿ ತಾಯಿ,” ಎಂದಿದ್ದ. “ಊರು ಉಳೀಬೇಕು.”

ರಾಜವಂಶದ ಗಂಡುಮಕ್ಕಳನ್ನೆಲ್ಲ ಆ ಕಡಿದಾದ ಬೆಟ್ಟದ ಮೇಲೆ ಕೂಡಿಹಾಕಿ, ಬೇಕಾದಾಗ ಒಬ್ಬನನ್ನು ಇಳಿಸುವುದು ಹಳೆಯ ಪದ್ಧತಿ. ಹೆತ್ತ ತಾಯಿ ಬಾಣಂತಿತನದಲ್ಲೇ ಸತ್ತಿದ್ದರಿಂದ ಕಿನ್ಫುವನ್ನು ತೆವಾಬೆಚ್ ಅಲ್ಲೇ ಸಾಕಿದ್ದಳು. ಪಟ್ಟ ಕಟ್ಟಿದ ದಿನ ಅವನಿಗೆ ಕುದುರೆ ಹತ್ತಲೂ ಬರುತ್ತಿರಲಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಎರಡು ದಂಗೆಗಳಾದವು. ತಾನೇ ಆಳುತ್ತೇನೆಂದು ಹಟ ಹಿಡಿದ ಹುಡುಗ, ತನ್ನನ್ನು ಪಟ್ಟಕ್ಕೆ ತಂದ ಸರದಾರನನ್ನೇ ತುಂಬಿದ ಸಭೆಯಲ್ಲಿ ಗದರಿಸಿದ. ಆಮೇಲೆ ರಾಜಿಯ ಔತಣ, ಜೇನುಮದ್ಯ, ಹೊಟ್ಟೆ ಹಿಡಿದುಕೊಂಡು ಹೊರಳಾಟ. ಬೆಂಕಿಯ ಜೊತೆ ಸರಸ ಬೇಡವೆಂದು ಅವಳು ಬಡಕೊಂಡಿದ್ದಳು. ಕೇಳಿದನೇ?

ಖಾಲಿ ಬುಟ್ಟಿ ಕಂಡು ಅಡುಗೆಮನೆಯ ಹೆಂಗಸರು ಹಿಗ್ಗಿದರು. ಇಂಜೆರಾ ಹುಯ್ಯುವ ಅಲೆಮ್ನೆಶ್, “ಹುಷಾರಾದ ಬಿಡಿ ನಿಮ್ಮ ಮಗ. ಮೂಳೇನೂ ಚೀಪಿಟ್ಟಿದಾನೆ,” ಎಂದು ನಕ್ಕಳು. ತೆವಾಬೆಚ್ ಹೌದೆಂದು ತಲೆಯಾಡಿಸಿದಳು.

ಕತ್ತಲಾದ ಮೇಲೆ ಇಬ್ಬರು ಪಾದ್ರಿಗಳು ಸದ್ದಿಲ್ಲದೆ ಹೆಣ ಸಾಗಿಸಿ ಮಣ್ಣು ಮಾಡಿದರು. ಎದೆ ಬಡಿದುಕೊಂಡು ಅಳುವವರಿಲ್ಲದೆ ಆ ಊರಿನಲ್ಲಿ ಭಿಕ್ಷುಕನನ್ನೂ ಮಣ್ಣು ಮಾಡುವುದಿಲ್ಲ. ಅವಳು ಮಾತ್ರ ಬರಿದಾದ ಮಂಚದ ಪಕ್ಕ ಕೂತು ಹೊತ್ತುಹೊತ್ತಿಗೆ ಉಂಡಳು. ಹೊಸಬ ಬಂದರೆ ಸಾಕು, ಬಾಯಿ ತುಂಬ ಅತ್ತುಬಿಡುತ್ತೇನೆ ಎಂಬುದೊಂದೇ ಆಸೆ.

ಭಾನುವಾರ ನಗಾರಿ ಮೊಳಗಿತು. “ಸತ್ತವರೂ ನಾವೇ, ಬದುಕಿರುವವರೂ ನಾವೇ” ಎಂಬ ವಾಡಿಕೆಯ ಮಾತನ್ನು ಡಂಗುರದವನು ಹೊಸ ದೊರೆಯ ಹೆಸರಿನಲ್ಲಿ ಸಾರಿದ; ದೊರೆ ಸತ್ತರೂ ಪಟ್ಟ ಬರಿದಾಗಿಲ್ಲವೆಂದು ಅದರರ್ಥ. ಬೀದಿಯ ಹೆಂಗಸರು ಹರ್ಷದ ಕೇಕೆ ಹಾಕಿದರು. ಅಲೆಮ್ನೆಶ್ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ತೆವಾಬೆಚ್‌ಳನ್ನೇ ನೋಡುತ್ತ ನಿಂತಳು. ತೆವಾಬೆಚ್ ಅಂಗಳಕ್ಕೋಡಿ, ತಲೆಯ ಬಟ್ಟೆ ಕಿತ್ತೆಸೆದು ಇನ್ನೇನು ಬಾಯಿ ತೆರೆಯಬೇಕು, ದೆಸ್ತಾ ಬಂದು ತೋಳು ಹಿಡಿದ. ಪಟ್ಟದ ದಿನ ಅರಮನೆಯಲ್ಲಿ ಅಳು ಕೇಳಿಸಿದರೆ ಅಪಶಕುನವಂತೆ.

“ದೊರೆ ಹಸಿದಿದಾರೆ. ಬುಟ್ಟಿ ತಗೊಂಡು ಹೋಗಿ,” ಎಂದ.

ಹೊಸ ದೊರೆ ಹಣ್ಣುಹಣ್ಣು ಮುದುಕ, ಕಿನ್ಫುವಿನ ದೊಡ್ಡಪ್ಪ. ಆಯುಷ್ಯವನ್ನೆಲ್ಲ ಬೆಟ್ಟದ ಮೇಲೆ ಸವೆಸಿದವನು. ಅವಳು ನೀರು ಹಾಕಿ ಕೈ ತೊಳೆಸುವಾಗ ಅವನು ಅವಳ ಮುಖವನ್ನೇ ದಿಟ್ಟಿಸಿದ.

“ಕಿನ್ಫುನ ಸಾಕಿದವಳು ನೀನಲ್ವಾ? ಬೆಟ್ಟದ ಮೇಲೆ ಅವನ ಹಿಂದೆ ಬಟ್ಟಲು ಹಿಡ್ಕೊಂಡು ಓಡ್ತಿದ್ದೆ ನೀನು.”

“ಹೌದು ಪ್ರಭು.”

“ಯಾರಾದ್ರೂ ಅತ್ತರಾ ಅವನಿಗೆ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಮುದುಕ ಹೊರಗಿದ್ದ ಹಾಡುಗಾರನಿಗೆ ದನಿಯೆತ್ತಿ ಹಾಡೆಂದು ಅಪ್ಪಣೆ ಕೊಟ್ಟ. ಪರದೆಯ ಅಂಚುಗಳನ್ನು ತಾನೇ ಎಳೆದು ಸೇರಿಸಿದ.

“ಇಲ್ಲಿ ಯಾರೂ ನೋಡೋ ಹಾಗಿಲ್ಲ. ಅಳು,” ಎಂದ. ಬುಟ್ಟಿಗೆ ಕೈ ಹಾಕುತ್ತ, “ಹಾಗೇ ನಂಗೂ ಸೇರಿಸಿ ಅತ್ಬಿಡು,” ಎಂದ.

ಅವಳು ನೆಲಕ್ಕೆ ಹಣೆ ಹಚ್ಚಿದಳು. ಹೊರಗೆ ತಂತಿವಾದ್ಯದ ಜೊತೆ ಹಾಡು ಏರುತ್ತಿತ್ತು. ತುತ್ತು ಮುರಿದ ದೊರೆ ಅದನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕೂತಿದ್ದ; ಸಾರು ಮಣಿಕಟ್ಟಿನವರೆಗೆ ಇಳಿದಿತ್ತು.