ಹನ್ನೊಂದರಲ್ಲಿ ಐದು

"ಯಾವುದಕ್ಕರೀ ಸರ್?" ಎಂದಳು ಅರೀಬಾ.

ಶೀತಲನ ಜೋಡಿಸಿದ ಕೈಗಳು ಹಾಗೇ ನಿಂತವು. ಕ್ಷಮಾವಣಿಯ ದಿನ ಮನೆಮನೆಗೆ ಹೋಗಿ ಕ್ಷಮೆ ಕೇಳುವುದು ಜೈನರ ರೂಢಿ. ಬೆಳಗ್ಗೆಯಿಂದ ತಾನಿದ್ದ ರಾಮತೀರ್ಥ ನಗರದ ಇಪ್ಪತ್ತು ಮನೆಗಳಲ್ಲಿ ಕೇಳಿ ಬಂದಿದ್ದ. ಯಾರೂ ಕಾರಣ ಕೇಳಿರಲಿಲ್ಲ.

"ಗೊತ್ತಿದ್ದೋ ಗೊತ್ತಿಲ್ಲದೆಯೋ, ಮನಸ್ಸಿನಿಂದ, ಮಾತಿನಿಂದ, ಕಾಯದಿಂದ..." ತಾಯಿ ಚಂಪಾಬಾಯಿ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದ. ಆ ಸಾಲಿಗೊಂದು ಸೌಕರ್ಯವಿತ್ತು: ಎಲ್ಲ ತಪ್ಪೂ ಅದರಲ್ಲಿ ಹಿಡಿಯುತ್ತಿತ್ತು, ಯಾವುದರ ಹೆಸರೂ ಬರುತ್ತಿರಲಿಲ್ಲ.

"ಗೊತ್ತಿದ್ದು ಮಾಡಿದ್ದು ಯಾವುದರೀ?"

ಖಾನಾಪುರದ ಆ ವೆಲ್ಡಿಂಗ್ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅವನನ್ನು ಅದರಲ್ಲಿ ಕೂಡಿಸಿ ಅವಳು ನಿಂತಿದ್ದಳು. ಎರಡು ವರ್ಷದ ಹಿಂದೆ ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಕೋಟಿ ಡಿಗ್ರಿ ಕಾದ ಪ್ಲಾಸ್ಮಾವನ್ನು ಅಯಸ್ಕಾಂತದ ಬೇಲಿಯೊಳಗೆ ಹಿಡಿದಿಟ್ಟು, ಶಾಖ ಎಷ್ಟು ಹೊತ್ತು ಒಳಗುಳಿಯುತ್ತದೆಂದು ಅಳೆಯುವ ಕೆಲಸ. ಹನ್ನೊಂದು ಪ್ರಯೋಗಗಳಲ್ಲಿ ಐದರಲ್ಲಿ ಗೋಡೆಯ ಟಂಗ್‌ಸ್ಟನ್ ಕಣಗಳು ಕಳಚಿ, ನಟ್ಟನಡುವೆ ಸೇರಿಕೊಂಡು, ಶಾಖವನ್ನೆಲ್ಲ ಬೆಳಕಾಗಿ ಸೋರಿಸಿಬಿಟ್ಟಿದ್ದವು. ಅದನ್ನು ಕಂಡುಹಿಡಿದವಳು ಅರೀಬಾ. ಆ ಐದನ್ನೂ ಲೇಖನದಿಂದ ಕಿತ್ತವನು ಶೀತಲ. ಲೇಖನ ಅಚ್ಚುಹಾಕಿದ ಪತ್ರಿಕೆಯವರು ಆ ಐದು ಏಕಿಲ್ಲವೆಂದು ವಿಚಾರಿಸಿದಾಗ 'ವಿದ್ಯಾರ್ಥಿನಿಯ ಕಣ್ತಪ್ಪು' ಎಂದು ಬರೆದುಕೊಟ್ಟವನೂ ಅವನೇ. ಅವಳ ಫೆಲೋಶಿಪ್ ಹೋಯಿತು. ಅವನಿಗೆ ಬಡ್ತಿ ಬಂತು.

ಹಾಗೆ ಬರೆದುಕೊಟ್ಟವರು ಯಾರೆಂದು ಅವಳಿಗೆ ಗೊತ್ತಿಲ್ಲವೆಂದೇ ನಂಬಿದ್ದ. ಹೇಳಿಬಿಡಲೆಂದೇ ಬಸ್ಸು ಹತ್ತಿ ಬಂದಿದ್ದ.

"ಅದು... ಹಂಗ... ಒಟ್ಟಾರೆ," ಎಂದ.

"ಒಟ್ಟಾರೆ ಅಂದ್ರ ಹೆಂಗ್ರಿ ಸರ್? ಅಂದಾಜು ಬರೀಬ್ಯಾಡ, ಅಂಕಿ ಬರಿ ಅಂತ ನನಗ ಬೈತಿದ್ರಿ." ಅವಳು ನಕ್ಕಳು, ಕಣ್ಣು ನಗಲಿಲ್ಲ.

"ಬಿಡು ಬೇಟಿ, ಅಷ್ಟು ದೂರದಿಂದ ಬಂದಾರ. ಮಾಫ್ ಅಂದುಬಿಡು." ಗೇಟಿನ ಸರಳು ಜೋಡಿಸುತ್ತಿದ್ದ ಅವಳ ತಂದೆ ಬುರಾನುದ್ದೀನ ತಲೆಯೆತ್ತಿದ. "ಚಾ ಆರತೈತಿ, ಕುಡೀರಿ ಸರ್. ತಪ್ಪು ನಮ್ಮ ಹುಡುಗೀದಽ ಇತ್ತಂತ. ನೀವು ಆಕಿನ್ನ ಉಳಸಾಕ ಭಾಳ ಒದ್ದಾಡಿದ್ರಿ ಅಂತ ನಾ ಎಲ್ಲಾರಿಗೂ ಹೇಳ್ತೇನ್ರಿ."

ಅರೀಬಾ ಅವನನ್ನೇ ನೋಡಿದಳು. ಶೀತಲ ಬಾಯಿ ತೆರೆದ. ಚಹಾ ಕುಡಿದ.

"ಇದೊಂದು ಬೆಸಿಗಿ ಹಾಕಿಬಿಡ್ತೇನ್ರಿ. ಬೆಳಕು ಕಣ್ಣಿಗೆ ಬಡೀತೈತಿ, ಇದನ್ನ ಹಿಡಕೋರಿ," ಎಂದು ಬುರಾನುದ್ದೀನ ಕಪ್ಪು ಗಾಜಿನ ಮುಖವಾಡ ಕೊಟ್ಟ.

ಗಾಜಿನಾಚೆ ಅಂಗಡಿ ಇರಲಿಲ್ಲ, ಅರೀಬಾ ಇರಲಿಲ್ಲ. ಒಂದು ಹಸಿರು ಚುಕ್ಕಿ ಉರಿಯುತ್ತಿತ್ತು. ಆಮೇಲೆ ಅದೂ ಆರಿತು.

"ಮುಗೀತ್ರಿ ಸರ್. ತಗೀರಿ," ಎಂದಳು ಅರೀಬಾ, ತೀರ ಹತ್ತಿರದಿಂದ.

ಶೀತಲ ಆ ಕತ್ತಲನ್ನು ಎರಡೂ ಕೈಗಳಿಂದ ಮುಖಕ್ಕೆ ಒತ್ತಿಕೊಂಡೇ ಕೂತಿದ್ದ.