ಜಗಲಿಗೆ ಅನುಮತಿಯಿಲ್ಲ

“ಇನ್ನೂ ಸ್ವಲ್ಪ ಬೆಳಕಿಗೆ ಬರ್ರಿ, ಮುಖ ಕಾಣ್ತಿಲ್ಲ” ಎಂದ ಅಂಜನಕುಮಾರ, ಮೊಬೈಲನ್ನು ಕಿಟಕಿಯ ಸರಳುಗಳಿಗೆ ಹಿಡಿದು.

ಒಳಗಿದ್ದ ಮೈಲಮ್ಮ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಮಾಸ್ಕ್ ಕೆಳಗಿಳಿಸಿದಳು. ನಗಬೇಕೋ ಬಾರದೋ ಎಂಬುದು ಏಳನೆಯ ದಿನವೂ ಅವಳಿಗೆ ಗೊತ್ತಾಗಿರಲಿಲ್ಲ.

“ನಗು, ಮೈಲಿ. ಸರ್ಕಾರಕ್ಕೆ ಹೋಗೋ ಫೋಟೋ” ಎಂದ ಜಗಲಿಯ ಮೇಲೆ ಕೂತಿದ್ದ ಅವಳ ಗಂಡ ಉಚ್ಚೆಂಗಪ್ಪ.

“ಸರ್ಕಾರಕ್ಕೆ ನನ್ನ ಹಲ್ಲು ತಗಂಡು ಏನಾಗ್ಬೇಕೈತೆ?” ಎಂದಳು. ಆದರೂ ನಕ್ಕಳು. ಅಷ್ಟರಲ್ಲಿ ಫೋಟೋ ಆಗಿಹೋಗಿತ್ತು.

ಜ್ವರ? ಇಲ್ಲ. ಕೆಮ್ಮು? ಇಲ್ಲ. ಮನೆಯೊಳಗೇ ಇದ್ದಾರೆಯೇ? ಹೌದು. ಅಂಜನಕುಮಾರ ಮೂರು ಚೌಕಗಳನ್ನು ಒತ್ತಿ ಕಳಿಸಿದ. ಹಸಿರು ಗುರುತು ಬಂತು. ದಾವಣಗೆರೆಯ ಕಾಲೇಜಿನಲ್ಲಿ ಹದಿನೈದು ವರ್ಷ ಅರ್ಥಶಾಸ್ತ್ರ ಪಾಠ ಹೇಳಿದ್ದಕ್ಕೆ ಇಷ್ಟು ಖಚಿತವಾದ ಗುರುತು ಅವನಿಗೆ ಎಂದೂ ಸಿಕ್ಕಿರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಜನವರಿ. ಹೊರದೇಶದಿಂದ ಬಂದವರೆಲ್ಲ ಏಳು ದಿನ ಮನೆಯಲ್ಲೇ ಬೇರೆ ಕೋಣೆಯಲ್ಲಿ ಇರಬೇಕು, ಎಂಟನೆಯ ದಿನ ಮೂಗಿನ ಪರೀಕ್ಷೆ ಎಂಬ ನಿಯಮ ಬಂದಿತ್ತು. ಅವರು ಇದ್ದಾರೋ ಇಲ್ಲವೋ ನೋಡಿ ಬರಲು ಕಾಲೇಜಿನವರನ್ನು ಹಾಕಿದ್ದರು. ಹರಿಹರದ ಪಟ್ಟಿಯಲ್ಲಿ ‘ಅಂತಾರಾಷ್ಟ್ರೀಯ ಪ್ರಯಾಣಿಕರು’ ಎಂಬ ತಲೆಬರಹದ ಕೆಳಗೆ ಉಳಿದಿದ್ದ ಕೊನೆಯ ಹೆಸರು ಮೈಲಮ್ಮನದು. ಕುವೈತಿನ ಒಂದು ಮನೆಯಲ್ಲಿ ಅಡುಗೆ ಮಾಡುತ್ತಾಳೆ, ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುತ್ತಾಳೆ. ಬಂದದ್ದು ನಾಲ್ಕು ವರ್ಷಗಳ ಮೇಲೆ. ನಡುವೆ ಎರಡು ಸಲ ಟಿಕೆಟ್ ಆಗಿ, ಎರಡು ಸಲವೂ ವಿಮಾನ ನಿಂತಿತ್ತು. ಮಗಳ ಮದುವೆಯನ್ನು ಅವಳು ಫೋನಿನಲ್ಲಿ ನೋಡಿದ್ದಳು.

ಆ ಮನೆಗೆ ಇದ್ದದ್ದೇ ಒಂದು ಕೋಣೆ. ಹಾಗಾಗಿ ಉಚ್ಚೆಂಗಪ್ಪ ಜಗಲಿಗೆ ಬಂದಿದ್ದ. ಚಾಪೆ, ರಗ್ಗು, ಒಂದು ಸ್ಟೌವ್, ಎರಡು ಪಾತ್ರೆ. ಕಿಟಕಿಯ ಅಂಚಿನಲ್ಲಿ ತಟ್ಟೆ ಇಟ್ಟು ಹಿಂದೆ ಸರಿಯುವುದು, ಅವಳು ತೆಗೆದುಕೊಂಡ ಮೇಲೆ ಮತ್ತೆ ಬಂದು ಕೂರುವುದು. ಮೂರನೆಯ ದಿನ ಮಗಳು ರಾಣೇಬೆನ್ನೂರಿನಿಂದ ಕೂಸನ್ನು ತಂದು ರಸ್ತೆಯಲ್ಲೇ ನಿಂತು ತೋರಿಸಿ ಹೋಗಿದ್ದಳು. ಕೂಸು ಮಾಸ್ಕ್ ನೋಡಿ ಅತ್ತಿತ್ತಂತೆ. ಮೈಲಮ್ಮ ಅದನ್ನು ನಗುತ್ತಲೇ ಹೇಳಿದ್ದಳು.

“ಸಾರ್, ಒಂದು ಮಾತು” ಎಂದ ಉಚ್ಚೆಂಗಪ್ಪ, ಅಂಜನಕುಮಾರ ಸ್ಕೂಟರಿನ ಕಡೆ ತಿರುಗಿದಾಗ. “ಇಕಿ ಇವತ್ತೇ ಹೊಂಟಾಳ.”

“ಎಲ್ಲಿಗೆ?”

“ಬಂದಲ್ಲಿಗೇ.”

ಹಿಂದಿನ ದಿನ ಕುವೈತಿನಿಂದ ಫೋನು ಬಂದಿತ್ತು. ಮತ್ತೆ ವಿಮಾನ ನಿಲ್ಲಿಸುತ್ತಾರಂತೆ ಎಂದು ಅಲ್ಲಿ ಗಾಳಿಸುದ್ದಿ. ಈಗಲೇ ಬಾ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಳು ಮನೆಯೊಡತಿ. ಟಿಕೆಟ್ಟೂ ಮೊಬೈಲಿಗೆ ಬಂದು ಬಿದ್ದಿತ್ತು. ಪ್ರಯಾಣಕ್ಕೆ ಬೇಕಾದ ಪರೀಕ್ಷೆಗೆ ಲ್ಯಾಬಿನವನು ಅಂದೇ ಬಂದು ಕಿಟಕಿಯಿಂದಲೇ ಮೂಗಿಗೆ ಕಡ್ಡಿ ಹಾಕಿ ಹೋಗಿದ್ದ, ಸೋಂಕಿಲ್ಲ ಎಂದು ವರದಿಯೂ ಬಂದಿತ್ತು. ಮಧ್ಯಾಹ್ನ ಒಂದಕ್ಕೆ ಕಾರು.

“ಇಪ್ಪತ್ತು ದಿನ ಇರ್ತೀನಿ ಅಂದಿದ್ಲು ಸಾರ್. ಏಳು ಇಲ್ಲಿ ಹೋದ್ರೂ ಹದಿಮೂರು ಉಳೀತಾವ ಅಂತ ನಾನು ಎಣಿಸಿಕೊಂಡಿದ್ದೆ” ಎಂದ ಉಚ್ಚೆಂಗಪ್ಪ. ದೂರಿನ ದನಿಯಲ್ಲ. ಬಸ್ಸು ತಪ್ಪಿದ್ದನ್ನು ಹೇಳುವವನ ದನಿ.

ಅಂಜನಕುಮಾರ ತಾಲ್ಲೂಕು ಕಚೇರಿಯ ನಾಗರಾಜಪ್ಪನವರಿಗೆ ಫೋನು ಹಚ್ಚಿದ.

“ದೇಶ ಬಿಟ್ಟು ಹೋಗೋರಿಗೆ ನಮ್ದೇನ್ರಿ ತಕರಾರು? ಸೀದಾ ಏರ್‌ಪೋರ್ಟಿಗೆ ಕಳಿಸಿಬಿಡ್ರಿ” ಎಂದರು ನಾಗರಾಜಪ್ಪ.

“ಅಲ್ಲೀತನಕ ಜಗಲಿಗೆ ಬರಬಹುದಾ ಸಾರ್? ಗಂಡ ಅಲ್ಲಿದ್ದಾರೆ.”

“ಜಗಲಿಗಾ?” ಅವರು ಯೋಚಿಸಿದರು. “ಬ್ಯಾಡ್ರಿ. ಎಂಟನೇ ದಿನದ ರಿಪೋರ್ಟು ಬರ್ಲಿ.”

ಕುವೈತಿಗೆ ಹೋಗಬಹುದು, ಜಗಲಿಗೆ ಬರುವಂತಿಲ್ಲ. ಶ್ರಮದ ಚಲನಶೀಲತೆ ಎಂಬ ಅಧ್ಯಾಯಕ್ಕೆ ಒಳ್ಳೆಯ ಉದಾಹರಣೆ ಎಂದು ಅಂಜನಕುಮಾರನಿಗೆ ಹೊಳೆಯಿತು. ಹೊಳೆದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಫೋನಿನಲ್ಲಿ ಆಡಿದ ಮಾತು ಉಚ್ಚೆಂಗಪ್ಪನಿಗೆ ಕೇಳಿಸಿತ್ತು. ಹಿಟ್ಟಿನ ಡಬ್ಬಿ ಮುಂದೆಳೆದುಕೊಂಡು ಮುಚ್ಚಳ ತೆಗೆದ.

“ನೋಡ್ರಿ” ಎಂದ ಅಂಜನಕುಮಾರ, ಇಬ್ಬರ ಮುಖವನ್ನೂ ನೋಡದೆ. “ಇವತ್ತಿನ ಫೋಟೋ ಆಗಿದೆ. ನಾನು ಹೊಳೆ ಕಡೆ ಹೋಗಿ ಟೀ ಕುಡಿದು ಬರ್ತೀನಿ. ಒಂದು ತಾಸಾದ್ರೂ ಆಗುತ್ತೆ. ಅಲ್ಲೀತನಕ ಈ ಕಡೆ ಯಾರೂ ಬರಲ್ಲ.”

ಸ್ಕೂಟರು ಹೊರಟಾಗ ತನ್ನ ಬೆನ್ನು ನೆಟ್ಟಗಾಗಿರುವುದು ಅವನಿಗೇ ತಿಳಿಯಿತು.

ತುಂಗಭದ್ರೆಯಲ್ಲಿ ನೀರು ಇಳಿದು ಬಂಡೆಗಳು ಬೆನ್ನು ತೋರಿಸಿದ್ದವು. ಸೇತುವೆಯ ಹತ್ತಿರದ ಅಂಗಡಿಯಲ್ಲಿ ಟೀ ತೆಗೆದುಕೊಂಡು ಅವನು ಒಂದು ಕಲ್ಲಿನ ಮೇಲೆ ಕೂತ. ಇಡೀ ಜೀವಮಾನದಲ್ಲಿ ಅವನು ಮುರಿದ ಮೊದಲ ನಿಯಮ ಇದು. ಬೇರೆಯವರ ಪರವಾಗಿ ಮುರಿದದ್ದರಿಂದ ಮತ್ತಷ್ಟು ಹಗುರಾಗಿತ್ತು. ಈಗ ಮೈಲಮ್ಮ ಅಗಳಿ ತೆಗೆದಿರುತ್ತಾಳೆ. ಗಂಡ ಒಳಗೆ ಹೋಗಿರುತ್ತಾನೆ. ಮೊದಲು ಏನು ಮಾತಾಡುತ್ತಾರೆ? ಬಹುಶಃ ಮಾತಾಡುವುದಿಲ್ಲ.

ಮುಂದಿನದನ್ನು ಊಹಿಸಲು ಹೋಗಿ ಅಂಜನಕುಮಾರನಿಗೆ ಏನೂ ಕಾಣಲಿಲ್ಲ. ಕಂಡದ್ದು ದೇವರಾಜ ಅರಸು ಬಡಾವಣೆಯ ತನ್ನ ಮನೆಯ ಮಹಡಿ ಮೆಟ್ಟಿಲು.

ಎರಡನೆಯ ಅಲೆಯಲ್ಲಿ ಅವನಿಗೂ ಕೊರೊನಾ ಬಂದಿತ್ತು. ಹದಿನಾಲ್ಕು ದಿನ ಮಹಡಿಯ ಕೋಣೆಯಲ್ಲಿದ್ದ. ಹೆಂಡತಿ ಪುಷ್ಪಲತಾ ಮೆಟ್ಟಿಲ ಮೇಲೆ ಊಟ ಇಟ್ಟು, ಎರಡು ಸಲ ಚಪ್ಪಾಳೆ ತಟ್ಟಿ ಇಳಿಯುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಹದಿನೈದನೆಯ ದಿನ ಅವನು ಕೆಳಗೆ ಬರಬೇಕಿತ್ತು. ಆದರೆ ಪುಸ್ತಕ, ಚಾರ್ಜರ್, ಮೇಜು ಎಲ್ಲ ಮೇಲೆ ಸೇರಿದ್ದವು. ಬನ್ನಿ ಎಂದು ಅವಳು ಕರೆಯಲಿಲ್ಲ. ಬರಲೇ ಎಂದು ಅವನು ಕೇಳಲಿಲ್ಲ. ಜಗಳವೇನೂ ಇರಲಿಲ್ಲ. ಎಂಟು ತಿಂಗಳಾಯಿತು. ಈಗ ಊಟಕ್ಕೆ ಕೆಳಗೆ ಬರುತ್ತಾನೆ ಅಷ್ಟೆ.

ತಾಸು ಕಳೆಯಲಿ ಎಂದು ಇನ್ನೊಂದು ಟೀ ಹೇಳಿದ.

ಹಿಂದಿರುಗಿದಾಗ ಬಾಗಿಲು ಮುಚ್ಚಿಯೇ ಇತ್ತು. ಉಚ್ಚೆಂಗಪ್ಪ ಜಗಲಿಯ ಮೇಲೆ ಕೂತು ಮಣೆಯ ಮೇಲೆ ರೊಟ್ಟಿ ಬಡಿಯುತ್ತಿದ್ದ. ಮೈಲಮ್ಮ ಕಿಟಕಿಗೆ ಮುಖ ಆನಿಸಿ ಹೇಳಿಕೊಡುತ್ತಿದ್ದಳು.

“ಅಂಗೈ ಅಲ್ಲ, ಬೆರಳು. ಬೆರಳಿಂದ ಬಡೀರಿ. ಅದೇನು ಕಬ್ಬಿಣ ಅಂದ್ಕಂಡೀರೇನು?”

“ಮೂವತ್ತು ವರ್ಷ ಫೌಂಡ್ರಿಯಾಗೆ ಕಬ್ಬಿಣಾನೇ ನನ್ನ ಮಾತು ಕೇಳ್ತಿತ್ತು. ಈ ಹಿಟ್ಟು ಕೇಳವಲ್ದು.”

“ತಿರುವ್ರಿ, ತಿರುವ್ರಿ! ಅಗೋ, ಹರೀತು.”

ರೊಟ್ಟಿ ನಡುವೆ ಹರಿಯಿತು. ಇಬ್ಬರೂ ನಕ್ಕರು. ಉಚ್ಚೆಂಗಪ್ಪನ ನಗು ಕೆಮ್ಮಾಗಿ, ಕೆಮ್ಮು ಉದ್ದವಾಯಿತು. ಮೈಲಮ್ಮ ನಗು ನಿಲ್ಲಿಸಿ ಸರಳು ಹಿಡಿದುಕೊಂಡಳು. ಕೆಮ್ಮು ನಿಲ್ಲುವವರೆಗೆ ಹಾಗೇ ನಿಂತಿದ್ದಳು.

ಅಂಜನಕುಮಾರನಿಗೆ ಅವಮಾನವಾದಂತಾಯಿತು. “ಯಾಕ್ರಿ, ಬಾಗಿಲು ತೆಗೀಲಿಲ್ವಾ? ನಾನು ಹೇಳಿ ಹೋಗಿದ್ದೆನಲ್ಲ.”

“ಇವರು ಬಂದು ಬಾಗಿಲು ಬಡಿದ್ರು ಸಾರ್” ಎಂದಳು ಮೈಲಮ್ಮ. “ನಾನೇ ತೆಗೀಲಿಲ್ಲ.”

“ನಾನು ಯಾರಿಗೂ ಹೇಳ್ತಿರಲಿಲ್ಲ.”

“ಗೊತ್ರಿ. ನೀವು ಒಳ್ಳೇರು.” ಅವಳು ಗಂಡನ ಕಡೆ ನೋಡಿದಳು. “ಇವರ ಎದೆ ನೋಡಿದ್ರಲ್ಲ. ಎಲ್ಲಾ ಫೌಂಡ್ರಿ ಧೂಳು. ಎಷ್ಟು ವಿಮಾನ ಹತ್ತಿ ಇಳಿದು ಬಂದೀನಿ ನಾನು, ಮೈಯಾಗೆ ಏನೈತೋ ಯಾರಿಗೊತ್ತು. ಮಷೀನು ಇಲ್ಲ ಅನ್ನುತ್ತೆ, ನಾಳೆ ಐತೆ ಅನ್ನುತ್ತೆ. ನಾನು ಹೋದ ಮ್ಯಾಲೆ ಇವರಿಗೆ ಏನಾರ ಆದ್ರೆ ನೋಡೋರ್ಯಾರು?”

“ಹುಚ್ಚಿ” ಎಂದ ಉಚ್ಚೆಂಗಪ್ಪ, ಹರಿದ ರೊಟ್ಟಿಯನ್ನು ಮುದ್ದೆ ಮಾಡುತ್ತ. “ಅಗಳಿ ಹಾಕ್ಕಂಡು ಒಳಗೆ ಅಳಾಕ ಹತ್ತಿದ್ಲು ಸಾರ್. ಅದಕ್ಕೇ ರೊಟ್ಟಿ ಕಲಿಸು ಅಂದೆ. ಬೈಯೋವಾಗ ಅಳಲ್ಲ ಇಕಿ.”

ಅವನು ಮತ್ತೊಂದು ಉಂಡೆ ಮಾಡಿದ. ಈ ಸಲ ಅವಳು ಹೇಳಿಕೊಡಬೇಕಾಗಲಿಲ್ಲ. ಬೆರಳುಗಳು ತಾವಾಗಿ ಸುತ್ತ ಹರಿದಾಡಿದವು. ರೊಟ್ಟಿ ಪೂರಾ ದುಂಡಗಾಗದಿದ್ದರೂ ಹರಿಯದೆ ಹಂಚಿಗೆ ಹೋಯಿತು, ಉಬ್ಬಿತು.

“ಆತು ನೋಡ್ರಿ” ಎಂದಳು ಮೈಲಮ್ಮ, ಮೆಲ್ಲಗೆ. “ಇನ್ನು ನಾನು ಯಾಕೆ ಬೇಕು ನಿಮಗೆ?”

ಉಚ್ಚೆಂಗಪ್ಪ ಆ ರೊಟ್ಟಿಯನ್ನು ತಟ್ಟೆಗೆ ಹಾಕಿ, ಬದಿಗೆ ಖಾರದ ಚಟ್ನಿ ಇಟ್ಟು, ಕಿಟಕಿಯ ಅಂಚಿಗೆ ಸರಿಸಿ ಹಿಂದಕ್ಕೆ ಬಂದ. ಅವಳು ತಟ್ಟೆ ಒಳಗೆ ತೆಗೆದುಕೊಂಡಳು. ಅಲ್ಲೇ ನಿಂತು ತಿಂದಳು. ಅವನು ನೋಡಿದ. ಅಂಜನಕುಮಾರ ಮೊಬೈಲು ತೆಗೆದು, ಬಾರದ ಸಂದೇಶಗಳನ್ನು ಓದುವವನಂತೆ ನಿಂತ.

ಒಂದು ಗಂಟೆಗೆ ಸರಿಯಾಗಿ ಡ್ರೈವರ್ ಹಯಾತ್ ಸಾಬ್ ಬಾಡಿಗೆ ಕಾರು ತಂದ. ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದ. ಇಳಿಯದೆ ಡಿಕ್ಕಿಯನ್ನಷ್ಟೇ ತೆರೆದ.

“ನೀವು ಅತ್ಲಾಗೆ ಹೋಗ್ರಿ” ಎಂದಳು ಮೈಲಮ್ಮ ಒಳಗಿನಿಂದ. ಉಚ್ಚೆಂಗಪ್ಪ ಜಗಲಿಯಿಂದ ಇಳಿದು ರಸ್ತೆ ದಾಟಿ ಎದುರು ಮನೆಯ ಗೋಡೆಗೆ ಒರಗಿ ನಿಂತ. ಅಗಳಿ ಸರಿಯಿತು. ಏಳು ದಿನಗಳಲ್ಲಿ ಮೊದಲ ಬಾರಿ ಅಂಜನಕುಮಾರ ಅವಳನ್ನು ಇಡಿಯಾಗಿ ನೋಡಿದ. ಅವನೆಣಿಸಿದ್ದಕ್ಕಿಂತ ಗಿಡ್ಡಕ್ಕಿದ್ದಳು. ಚೀಲವನ್ನು ತಾನೇ ಎಳೆದು ತಂದು ಡಿಕ್ಕಿಗೆ ಹಾಕಿದಳು. ಜಗಲಿಯ ಮೇಲೆ ಗಂಡನ ಚಾಪೆ ಓರೆಯಾಗಿತ್ತು. ಬಗ್ಗಿ ಅದನ್ನು ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ರಾತ್ರಿ ಟೋಪಿ ಹಾಕ್ಯಳ್ರಿ” ಎಂದಳು ರಸ್ತೆಯ ಆಚೆಗೆ ಕೇಳುವಂತೆ.

“ಹಾಕ್ಯಂತೀನಿ.”

“ಇನ್ನು ಒಳಗೇ ಮಲಗ್ರಿ.”

“ಹೂಂ. ನೀನು ಹುಷಾರು. ಮುಟ್ಟಿದ ಕೂಡ್ಲೇ ಫೋನ್ ಹಚ್ಚು.”

ಇಷ್ಟೇ. ಕಾರು ಹೋಯಿತು. ಧೂಳು ಇಳಿಯುವವರೆಗೆ ಉಚ್ಚೆಂಗಪ್ಪ ಗೋಡೆ ಬಿಟ್ಟು ಕದಲಲಿಲ್ಲ.

“ಒಂದು ದಿನ ಬಾಗಿಲು ತೆಗೆದಿಟ್ಟು, ಗಾಳಿಯಾಡಿದ ಮೇಲೆ ಒಳಗೆ ಹೋಗ್ರಿ” ಎಂದ ಅಂಜನಕುಮಾರ. ಹಾಗೆ ಹೇಳಬೇಕೆಂದು ಸೂಚನಾಪತ್ರದಲ್ಲಿತ್ತು.

“ಆತ್ರಿ ಸಾರ್” ಎಂದ ಉಚ್ಚೆಂಗಪ್ಪ. ಕೈಮುಗಿದ. ರಸ್ತೆ ದಾಟಿದ, ಒಳಗೆ ಹೋದ, ಬಾಗಿಲು ಹಾಕಿಕೊಂಡ. ಕಿಟಕಿಯನ್ನೂ ಮುಚ್ಚಿದ. ಅವಳಿದ್ದ ಗಾಳಿ ಹೊರಗೆ ಹೋಗಬಾರದು ಎನ್ನುವ ಹಾಗೆ.

ಪಟ್ಟಿ ಮುಗಿದಿತ್ತು. ಅಂಜನಕುಮಾರ ದಾವಣಗೆರೆಗೆ ಬಂದು, ಬಡಾವಣೆಗೆ ತಿರುಗಬೇಕಾದಲ್ಲಿ ತಿರುಗದೆ ಮಂಡಿಪೇಟೆಗೆ ಹೋದ. ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸಿನಿಂದ ಎರಡು ಮೊಳ ಕನಕಾಂಬರ ಕೊಂಡ. ಹೂವು ಕೊಂಡು ಎಷ್ಟು ವರ್ಷವಾಗಿತ್ತೋ. ಎಲೆಯ ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಳ್ಳತನ ಮಾಡಿದವನಂತೆ ಮನೆ ಸೇರಿದ.

ಪುಷ್ಪಲತಾ ಬಾಗಿಲು ತೆಗೆದಳು. ಅವನು ಡ್ಯೂಟಿಯಿಂದ ಬರುವ ಹೊತ್ತಿಗೆ ಅವಳೂ ಮಾಸ್ಕ್ ಹಾಕಿಕೊಳ್ಳುತ್ತಾಳೆ. ಅವನು ಪೊಟ್ಟಣ ಚಾಚಿದ.

“ಏನಿದು?”

“ಹೂವು.”

“ಯಾಕೆ, ಇವತ್ತೇನು?”

“ಏನಿಲ್ಲ. ಸುಮ್ಮನೆ.”

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಕಣ್ಣುಗಳಲ್ಲಿ ಏನೋ ಸಡಿಲವಾದಂತಿತ್ತು. ಉಳಿದ ಮುಖ ಕಾಣುತ್ತಿರಲಿಲ್ಲ. ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಒಯ್ದು, ಮೇಜಿನ ಮೇಲೆ ಪೇಪರ್ ಹಾಸಿ ಬಿಚ್ಚಿದಳು. ಸ್ಯಾನಿಟೈಸರ್ ಬಾಟಲಿ ತೆಗೆದು ಹೂವಿನ ಮೇಲೆ ಚಿಮುಕಿಸಿದಳು. ದಂಡೆಯನ್ನು ನಿಧಾನವಾಗಿ, ಹರಿಯದಂತೆ ಮಗುಚಿ ಆ ಕಡೆಗೂ ಚಿಮುಕಿಸಿದಳು.

“ಯಾರ್ಯಾರು ಮುಟ್ಟಿರ್ತಾರೋ. ಮೊದಲೇ ಒಂದು ಸಲ ಬಂದು ಹೋಗಿದೆ ನಿಮಗೆ” ಎಂದಳು.

ಕನಕಾಂಬರಕ್ಕೆ ತನ್ನದೆಂಬ ವಾಸನೆಯಿಲ್ಲ. ಹಜಾರದಲ್ಲಿ ಆಸ್ಪತ್ರೆಯ ವಾಸನೆ ಹರಡಿತು. ಇದು ಪ್ರೀತಿಯೋ ಭಯವೋ ಎಂದು ಅಂಜನಕುಮಾರ ಹುಡುಕಿದ. ಬಾಗಿಲ ಬಳಿ ನಿಂತಲ್ಲಿಂದ ತಿಳಿಯುವಂತಿರಲಿಲ್ಲ.

ಅವಳು ಒದ್ದೆ ಹೂವನ್ನು ಹಾಗೇ ಎತ್ತಿ ಮುಡಿದುಕೊಂಡಳು. ಬೆನ್ನು ತಿರುಗಿಸಿದಳು.

“ಸರಿಯಾಗಿದೆಯಾ ನೋಡ್ರಿ.”

ದಂಡೆ ಒಂದು ಕಡೆಗೆ ಜಾರಿತ್ತು. ಸರಿಮಾಡಲು ಎರಡು ಹೆಜ್ಜೆ ಹತ್ತಿರ ಹೋಗಬೇಕಿತ್ತು.

“ಸರಿಯಾಗಿದೆ” ಎಂದ.

ಅವಳು ತಿರುಗಲಿಲ್ಲ. ಇನ್ನೂ ಏನನ್ನೋ ಕೇಳಿಸಿಕೊಳ್ಳುವವಳಂತೆ ಹಾಗೇ ನಿಂತಿದ್ದಳು. ದಾರದಿಂದ ಹನಿಗಳು ಒಂದೊಂದಾಗಿ ಕುತ್ತಿಗೆಯ ಮೇಲೆ ಇಳಿಯುತ್ತಿದ್ದವು. ರವಿಕೆಯ ಅಂಚು ಮುಟ್ಟುವ ಮೊದಲೇ ಆರಿಹೋಗುತ್ತಿದ್ದವು.