ಅಳದ ಮಗುವಿನ ಸುದ್ದಿ

ಹಸಿರು ಚುಕ್ಕೆ ಮಿನುಗಿತು, ಮಣಿಕಟ್ಟಿನ ಮೇಲೆ ಸಾಸಿವೆ ಕಾಳಿನಷ್ಟು ಬೆಳಕು, ರಾಯದುರ್ಗದ ಈ ಬಿಸಿಲಲ್ಲಿ ಇನ್ನೊಂದು ಕೈಯಿಂದ ನೆರಳು ಮಾಡಿದರೆ ಮಾತ್ರ ಕಾಣುವಂಥದ್ದು, ಇದ್ದೀನಿ ಅನ್ನುತ್ತದೆ, ಅಷ್ಟೇ, ಅಂದರೆ ಕೆಳಗೆ ನನ್ನ ರಮ್ಯಶ್ರೀ ತೊಟ್ಟಿಲಲ್ಲಿ ಮಲಗಿದ್ದಾಳೆ, ಪಕ್ಕದಲ್ಲಿ ಅತ್ತೆ ಉಜ್ಜಿನಮ್ಮ ಎಲೆ ಅಡಿಕೆ ಮೆಲ್ಲುತ್ತ ಕಾವಲು ಕೂತಿದ್ದಾರೆ, ನಾನು ಮಾಳಿಗೆಯ ಮೇಲೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದೇನೆ — ಹಿಂಡಿದ್ದನ್ನೇ ಎಷ್ಟು ಸಲ ಹಿಂಡುತ್ತೀ ಕೃಷ್ಣವೇಣಿ, ಹಗ್ಗಕ್ಕೆ ಹಾಕು. ಬೆಳಿಗ್ಗೆ ಅತ್ತೆ ಬಾಯಲ್ಲಿನ ಎಲೆ ಉಗಿಯದೆ ಮಾತಾಡಿದರು, ಕಿವಿ ಕೇಳದವಳಿಗೆ ಎದುರಿನವರ ತುಟಿಯೇ ಕಿವಿ, ಕೆನ್ನೆಯಲ್ಲಿ ಉಂಡೆ ಇಟ್ಟುಕೊಂಡ ಬಾಯನ್ನು ನಾನು ಹೇಗೆ ಓದಲಿ, ಈಶ್ವರ್ ತನ್ನ ತಾಯಿಯ ಮಾತನ್ನು ಒಂದೊಂದೇ ಬಿಡಿಸಿ ನನಗೆ ದಾಟಿಸಿದ, ಮಗು ಅತ್ರೆ ಇವ್ಳಿಗೆ ಕೇಳ್ಸಲ್ಲ ಕಣಪ್ಪ, ನಡ್ಯೋವರ್ಗೂ ನಮ್ಮೂರು ಅಗಳೀಲಿ ನನ್ ತಾವ ಇರ್ಲಿ, ಮಧ್ಯಾಹ್ನದ ಬಸ್ಸಿಗೆ ಕರ್ಕಂಡೋಗ್ತೀನಿ. ದಾಟಿಸುವಾಗ ಅವನ ಮುಖ ನೋಡಬೇಕಿತ್ತು, ಪಾಪ, ಜೀನ್ಸ್ ಬಟ್ಟೆಯನ್ನು ಹತ್ತಾರು ಪದರ ಪೇರಿಸಿ ಒಂದೇ ಏಟಿಗೆ ಕತ್ತರಿಸುವವನು, ಅಮ್ಮನೆದುರು ಅವನ ಕತ್ತರಿ ಓಡುವುದಿಲ್ಲ. ನಾನೇ ಹೇಳಿದೆ, ಅತ್ತಿ, ನಾ ಮ್ಯಾಲ ಬಟ್ಟಿ ಹಾಕಾಕ ಹೋಗ್ತೀನ್ರಿ, ಮಗು ಅತ್ತರ ಕರೀಬ್ಯಾಡ್ರಿ, ನಾನ ಬರ್ತೀನಿ, ಬರದಿದ್ರ ಕರ್ಕೊಂಡು ಹೋಗ್ರಿ. ನನ್ನ ದನಿ ಎಷ್ಟು ಜೋರಾಗಿತ್ತೋ, ಈಶ್ವರ್ ಕಿಟಕಿಯ ಕಡೆ ನೋಡಿದ. ಅತ್ತೆ ತಲೆ ಆಡಿಸಿದರು, ಅವನು ಕೆಲಸಕ್ಕೆ ಹೋದ, ನಾನು ಬಕೆಟ್ಟು ಎತ್ತಿಕೊಂಡು ಮೇಲೆ ಬಂದೆ.

ಹಸಿರು ಚುಕ್ಕೆ, ಇದ್ದೀನಿ. ಹೊಟ್ಟೆ ತುಂಬ ಹಾಲು ಕುಡಿಸಿ ಬಂದದ್ದೇ ತಪ್ಪಾಯಿತು, ಬೇರೆ ದಿನ ಇಷ್ಟು ಹೊತ್ತಿಗೆ ಬೀದಿಗೇ ಕೇಳುವಂತೆ ಅಳುವವಳು ಇವತ್ತು ಮಹಾರಾಣಿಯ ಹಾಗೆ ಮಲಗಿದ್ದಾಳೆ, ಅಳು ತಾಯಿ, ಒಂದೇ ಒಂದು ಸಲ ಅಳು, ಎಂಥ ತಾಯಿ ನಾನು. ಕಿವಿ ಇರುವವರದು ಒಂದು ಕೆಟ್ಟ ಅಭ್ಯಾಸ, ಹೇಳುತ್ತಾರೆ, ಹೇಳಿ ಹೋಗಿಬಿಡುತ್ತಾರೆ, ಮುಟ್ಟಿತೋ ಇಲ್ಲವೋ ತಿರುಗಿ ನೋಡುವುದಿಲ್ಲ, ಎಲೆಕ್ಟ್ರಾನಿಕ್ಸ್ ಓದಿದ ಪಾಲಿಟೆಕ್ನಿಕ್ಕಿನಲ್ಲಿ ರಂಗನಾಥ್ ಸರ್ ಪಾಠವನ್ನೆಲ್ಲ ಬೋರ್ಡಿಗೇ ಹೇಳುತ್ತಿದ್ದರು, ನನ್ನ ಪಾಲಿಗೆ ಅವರ ಬೆನ್ನು, ಅವರ ಶರ್ಟಿನ ಗೆರೆಗಳನ್ನು ಈಗಲೂ ಬರೆದು ತೋರಿಸಬಲ್ಲೆ. ಅವ್ವ ಹಾಗಲ್ಲ. ಮೂರನೇ ಕ್ಲಾಸಿನಲ್ಲಿ ಜ್ವರ ಬಂದು ನನ್ನ ಕಿವಿ ಹೋದ ಮೇಲೆ ಕಣೇಕಲ್ಲಿನ ಮನೆಯಲ್ಲಿ ಅವ್ವ ನನ್ನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದಳು, ತಿಳೀತೇನು, ನಾನು ತಲೆ ಆಡಿಸುವವರೆಗೂ ಗದ್ದ ಬಿಡುತ್ತಿರಲಿಲ್ಲ, ಆಡಿಸದಿದ್ದರೆ ಮತ್ತೆ ಹೇಳುವಳು, ಮತ್ತೆ ಹೇಳುವಳು. ನಾನೇ ಜೋಡಿಸಿದ ಈ ರೇಡಿಯೋ ಚಿಪ್ಪು ಗುಣದಲ್ಲಿ ನಮ್ಮವ್ವನ ಕಡೆಯದು. ನನ್ನ ಕೈಪಟ್ಟಿಯಲ್ಲಿ ಒಂದು, ಮಗುವಿನ ಅಂಗಿಯ ಹೆಗಲಿಗೆ ಪಿನ್ನು ಹಾಕಿದ ಚೀಲದಲ್ಲಿ, ಅಳು ಹಿಡಿಯುವ ಪುಟ್ಟ ಮೈಕಿನ ಜೊತೆ, ಇನ್ನೊಂದು, ಜೀನ್ಸ್ ಚೂರಿನಿಂದ ಈಶ್ವರ್ ಹೊಲಿದ ಚೀಲ, ಅತ್ತೆ ಅದನ್ನು ತಾಯತವೆಂದು ಕಣ್ಣಿಗೆ ಒತ್ತಿಕೊಂಡರು, ನಾನು ತಿದ್ದಲಿಲ್ಲ. ಚಿಪ್ಪಿಗೆ ಅಪ್ಪಣೆಯ ಮೊದಲ ಅಕ್ಷರ ಕಳಿಸುತ್ತಿದ್ದ ಹಾಗೇ ಅದು ಇನ್ನೊಂದು ತಂತಿಯಲ್ಲಿ ತನ್ನ ಸ್ಥಿತಿ ಹೇಳಿಬಿಡುತ್ತದೆ, ನಾನು ಕೇಳಿ ಮುಗಿಸುವ ಮೊದಲೇ — ಸುದ್ದಿ ಬಂದಿದೆ, ಕಳಿಸಿದ್ದು ಮುಟ್ಟಿದೆ, ಇಲ್ಲವೇ ಕಳಿಸಿ ಕಳಿಸಿ ಸಾಕಾಯಿತು ಆ ಕಡೆ ಯಾರೂ ಇಲ್ಲ — ಸುದ್ದಿಯ ಪೊಟ್ಟಣ ಬಿಚ್ಚುವುದೆಲ್ಲ ಆಮೇಲೆ. ಮೊದಲು ಹೇಗಿದ್ದೀ, ಆಮೇಲೆ ಏನು ವಿಷಯ, ಇಷ್ಟು ಮರ್ಯಾದೆ ಎಷ್ಟು ಜನರಿಗಿದೆ. ಮೊದಮೊದಲು ಪಟ್ಟಿ ಒಂದೇ ಸಲ ನಡುಗಿ ಆಮೇಲೆ ಕಲ್ಲಾಗಿಬಿಡುತ್ತಿತ್ತು, ಸುದ್ದಿ ಬಂದ ಗುರುತನ್ನು ಅಳಿಸಲು ನಾನು ಪ್ರೋಗ್ರಾಮಿನಲ್ಲಿ ಸೊನ್ನೆ ಬರೆಯುತ್ತಿದ್ದೆ, ಸ್ಲೇಟು ಒರೆಸಿದ ಹಾಗೆ, ಅದು ಅಳಿಯದು, ಒಂದು ಅಂತಲೇ ಬರೆಯಬೇಕು, ಬಂದದ್ದು ನನಗೆ ಮುಟ್ಟಿತು ಅಂತ, ಕರೆಯಲು ಬಂದ ಮುತ್ತೈದೆ ನಾವೂ ತಿರುಗಿ ಕುಂಕುಮ ಹಚ್ಚುವವರೆಗೆ ಹೊಸ್ತಿಲು ಬಿಡುವುದಿಲ್ಲವಲ್ಲ, ಹಾಗೆ. ಅದು ತಿಳಿದ ದಿನ ಒಬ್ಬಳೇ ಅಡುಗೆ ಮನೆಯಲ್ಲಿ ಕುಣಿದೆ, ಸಾರು ಉಕ್ಕಿ ಒಲೆ ಆರಿಹೋಯಿತು.

ಈಗ ಚುಕ್ಕೆ ಎಲ್ಲಿ. ಚುಕ್ಕೆ ಇಲ್ಲ. ಓ, ನಾನು ಟ್ಯಾಂಕಿನ ಹಿಂದೆ ಬಂದಿದ್ದೇನೆ, ತುಂಬಿದ ಟ್ಯಾಂಕು, ನೀರು ಈ ರೇಡಿಯೋ ಅಲೆಗಳನ್ನು ಕುಡಿದುಬಿಡುತ್ತದೆ, ಮೆಟ್ಟಿಲ ಕಡೆ ಸರಿ, ಇನ್ನೂ ಸರಿ, ಹಾಂ, ಹಸಿರು, ಇದ್ದೀನಿ. ಅತ್ತರೆ ಮೂರು ಸಣ್ಣ ನಡುಕ, ಹಾಗೆ ಬರೆದಿದ್ದೇನೆ, ಬರಲಿ, ಬರಲಿ, ದುರ್ಗದ ಬೆಟ್ಟ ಬಿಸಿಲಿಗೆ ಬೆಳ್ಳಗಾಗಿದೆ, ಕೆಳಗಿನ ಸಾಲುಮನೆಗಳಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿರಬೇಕು, ಗೋಡೆ ಮುಟ್ಟಿದರೆ ಅಂಗೈಗೆ ಗೊತ್ತಾಗುತ್ತದೆ — ನಡುಗಿತು. ಮೂರಲ್ಲ, ಒಂದೇ, ಉದ್ದಕ್ಕೆ, ನಿಲ್ಲದೆ. ಇದು ಅಳುವಲ್ಲ, ಇದು ಇನ್ನೊಂದು, ಆ ಕಡೆ ಯಾರೂ ಇಲ್ಲ ಅನ್ನುವುದು. ಟ್ಯಾಂಕು ಅಡ್ಡ ಇಲ್ಲ, ನಾನು ಮೆಟ್ಟಿಲ ಬಾಯಲ್ಲೇ ಇದ್ದೇನೆ, ಸೆಲ್ಲು ಬೆಳಿಗ್ಗೆ ತಾನೇ ಹೊಸದು ಹಾಕಿದ್ದು, ಹಾಗಾದರೆ ಮಗುವೇ ಇಲ್ಲ. ಬಟ್ಟೆ ಬಿತ್ತು, ಬಕೆಟ್ಟು ಕಾಲಿಗೆ ಬಡಿಯಿತು, ಮೆಟ್ಟಿಲು ಇಳಿದದ್ದು ನನಗೆ ನೆನಪಿಲ್ಲ, ತೊಟ್ಟಿಲು ಖಾಲಿ, ಸಣ್ಣಗೆ ತೂಗುತ್ತಿದೆ, ಅತ್ತೆಯ ಕೈಚೀಲ ಇಲ್ಲ, ಬಾಗಿಲು ತೆರೆದಿದೆ, ಬಸ್ಸು, ಬಸ್ಸಿಗೆ ಹೊರಟುಬಿಟ್ಟರು, ಹೇಳದೆ ಕೇಳದೆ, ನನ್ನ ಮಗುವನ್ನು — ಬರಿಗಾಲಲ್ಲಿ ಓಡಿದೆ, ಬೀದಿ ಸುಡುತ್ತಿತ್ತು, ಬಾಯಿಂದ ಏನು ಕೂಗು ಬರುತ್ತಿತ್ತೋ, ಎದುರು ಬಂದ ಆಟೋ ಪಕ್ಕಕ್ಕೆ ಸರಿದು ನಿಂತಿತು.

ಹಸಿರು. ತಿರುವಿನಲ್ಲಿ ಮೊದಲು ಚುಕ್ಕೆ ಬಂತು, ಆಮೇಲೆ ಅತ್ತೆ ಕಂಡರು, ಬೇವಿನ ಮರದ ನೆರಳಲ್ಲಿ ನಿಂತಿದ್ದಾರೆ, ಎಲ್ಲಿಗೂ ಹೊರಟಿಲ್ಲ, ನಮ್ಮ ಮನೆಯ ಕಡೆಗೇ ಮುಖ, ಹೆಗಲ ಮೇಲೆ ರಮ್ಯಶ್ರೀ ಮುಷ್ಟಿ ಚೀಪುತ್ತಿದ್ದಾಳೆ, ಅಳುವಿನ ಸುಳಿವೇ ಇಲ್ಲ. ನಾನು ಕೈ ಚಾಚಿದೆ, ಕೊಟ್ಟರು, ಕಿತ್ತುಕೊಂಡೆ ಅಂದರೂ ಸರಿಯೇ. ಅತ್ತೆ ಏನೋ ಅಂದರು, ಕೆನ್ನೆಯಲ್ಲಿ ಉಂಡೆ, ನನಗೆ ಏನೂ ಕಾಣಲಿಲ್ಲ. ನನ್ನ ಮುಖ ನೋಡಿದರು, ಆಮೇಲೆ ಮೋರಿಯ ಹತ್ತಿರ ಹೋಗಿ ಬಾಯಲ್ಲಿದ್ದದ್ದನ್ನೆಲ್ಲ ಉಗಿದರು, ಸೆರಗಿನಿಂದ ತುಟಿ ಒರೆಸಿಕೊಂಡರು, ಬಂದು ನನ್ನ ಗದ್ದ ಹಿಡಿದರು. ಮದುವೆಯಾದಂದಿನಿಂದ ಮೊದಲ ಸಲ ಆ ಬಾಯಿ ನನಗೆ ಅಕ್ಷರ ಅಕ್ಷರ ಕಂಡಿತು. ಅತ್ರೆ ಓಣಿಯೋರ್ಗೆಲ್ಲ ಕೇಳ್ತದೆ ಕಣಮ್ಮ, ಯಾರಾದ್ರೂ ಬತ್ತಾರೆ. ನಮ್ ಕುರಿ ಮಂದೇಲಿ ತೋಳ ಹೊತ್ಕಂಡೋಗಿದ್ದೆಲ್ಲ ಸುಮ್ಕಿದ್ದ ಮರಿಗಳ್ನೇಯ. ಅದ್ಕೇ ಅಳಿಸ್ದಂಗೆ ಎತ್ಕಂಬಂದೆ, ಸದ್ದಿಲ್ದಿದ್ದು ನಿಂಗೆಂಗ್ ಗೊತ್ತಾಯ್ತು? ನಾನು ಮಣಿಕಟ್ಟು ತೋರಿಸಿದೆ, ಮಗು ಮಾತಾಡ್ಲಿಲ್ಲ ಅಂದ್ರೂ ಇದು ಇದ್ದೀನಿ ಅಂತದ್ರಿ, ಅನ್ನದಿದ್ರ ಓಡಿ ಬರ್ತೀನ್ರಿ. ಅತ್ತೆ ಚುಕ್ಕೆ ನೋಡಿದರು, ಮಗುವಿನ ಹೆಗಲಿನ ಚೀಲ ನೋಡಿದರು, ಬಸ್ಸಿನ ದಾರಿ ನೋಡಿದರು. ಮಗು ನಿನ್ ತಾವ್ಲೇ ಇರ್ಲಿ, ತಿಳೀತಾ? ತಿಳಿಯಿತು, ಚೆನ್ನಾಗಿ ತಿಳಿಯಿತು, ಗೆದ್ದೆ ಅಂತ ಮೈಯೆಲ್ಲ ಕೂಗಿತು, ಆದರೂ ತಲೆ ಆಡಿಸಲಿಲ್ಲ, ತಲೆ ಆಡಿಸುವವರೆಗೆ ಗದ್ದ ಬಿಡುವುದಿಲ್ಲ ಎಂದು ಗೊತ್ತು, ಇನ್ನೊಂದು ಸಲ ಹೇಳಲಿ ಅಂತ ಸುಮ್ಮನೆ ನಿಂತೆ, ಹೇಳಿದರು, ಮಗು ನಿನ್ ತಾವ್ಲೇ ಇರ್ಲಿ, ನಾನು ಇನ್ನೂ ಸುಮ್ಮನೆ, ಮತ್ತೆ ಹೇಳಿದರು, ಹೆಗಲ ಮೇಲೆ ಒದ್ದೆ ಮುಷ್ಟಿ, ಮಣಿಕಟ್ಟಿನಲ್ಲಿ ಹಸಿರು ಚುಕ್ಕೆ, ಇದ್ದೀನಿ, ಹಸಿರು ಚುಕ್ಕೆ, ಇದ್ದೀನಿ, ಹಸಿರು